ಹತ್ತು ಸಲ ಬರೆದರೂ ಸ್ಪೆಲ್ಲಿಂಗ್ ಏಕೆ ನಿಲ್ಲದು?

ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಗಳು ಪ್ರತಿ ಪದವನ್ನೂ ಹತ್ತು ಸಲ ಬರೆಯುತ್ತಾಳೆ, ಆದರೂ ವಾರದ ಡಿಕ್ಟೇಷನ್‌ನಲ್ಲಿ ತಪ್ಪುತ್ತಾಳೆ, ಜ್ಞಾಪಕಶಕ್ತಿಗೆ ಒಳ್ಳೆಯ ಟಾನಿಕ್ ಯಾವುದು ಎಂದು ಓದುಗರೊಬ್ಬರು ಕೇಳಿದ್ದಾರೆ. ಟಾನಿಕ್ಕಿನ ದುಡ್ಡು ಉಳಿಸಿ. ತೊಂದರೆ ಇರುವುದು ಆ ‘ಹತ್ತು ಸಲ’ದಲ್ಲೇ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಕೈ ಮೇಲಿನ ಸಾಲನ್ನು ನಕಲು ಮಾಡುತ್ತಿರುತ್ತದೆ, ತಲೆಗೆ ಕೆಲಸವೇ ಇರುವುದಿಲ್ಲ. ಜಾಣ ಮಕ್ಕಳಂತೂ ಮೊದಲಕ್ಷರವನ್ನು ಹತ್ತೂ ಸಾಲಿಗೆ ಇಳಿಸಿ, ಆಮೇಲೆ ಎರಡನೆಯದನ್ನು ಇಳಿಸುತ್ತಾರೆ!

ಮರೆವನ್ನು ಮೊದಲು ಅಳತೆಗೆ ಹಚ್ಚಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಪ್ರಯೋಗ ನಡೆಸಿದವನೂ ಅವನೇ, ಪ್ರಯೋಗಕ್ಕೆ ಒಳಗಾದವನೂ ಅವನೊಬ್ಬನೇ. ಗೊತ್ತಿರುವ ಪದಗಳಿಗೆ ಹಳೆಯ ನೆನಪು ಅಂಟಿರುತ್ತದೆಂದು, ಎರಡು ವ್ಯಂಜನಗಳ ನಡುವೆ ಒಂದು ಸ್ವರವಿಟ್ಟು ಸುಮಾರು 2,300 ಅರ್ಥಹೀನ ತುಣುಕುಗಳನ್ನು ಹೊಸೆದುಕೊಂಡ. ಗಡಿಯಾರದ ಟಿಕ್‌ಟಿಕ್‌ಗೆ ಸರಿಯಾಗಿ ಅವನ್ನು ಉರುಹೊಡೆದ, ಬಿಟ್ಟ, ಮತ್ತೆ ಕಲಿತ. ಎರಡನೇ ಸಲ ಎಷ್ಟು ಹೊತ್ತು ಉಳಿಯಿತೆಂದು ಲೆಕ್ಕವಿಟ್ಟ. ಒಂದು ಗಂಟೆ ಬಿಟ್ಟು ನೋಡಿದರೆ ಉಳಿತಾಯ ಅರ್ಧಕ್ಕಿಂತ ಕಡಿಮೆ, ಒಂದು ದಿನಕ್ಕೆ ಮೂರನೇ ಒಂದು ಭಾಗ. ಆದರೆ ತಿಂಗಳ ಬಳಿಕವೂ ಐದನೇ ಒಂದು ಭಾಗ ಉಳಿದೇ ಇತ್ತು. ಅಂದರೆ ಸೋರಿಕೆಯೆಲ್ಲ ಶುರುವಿನಲ್ಲೇ. ಅವನ 1885ರ ಪುಸ್ತಕದಲ್ಲಿ ನನಗೆ ಅಚ್ಚುಮೆಚ್ಚಿನ ಲೆಕ್ಕ ಇನ್ನೊಂದಿದೆ: ಒಂದೇ ದಿನ 68 ಸಲ ಓದಿದ್ದರಿಂದ ಸಿಕ್ಕಿದ ಫಲ, ಮೂರು ದಿನಕ್ಕೆ ಹಂಚಿ ಬರೀ 38 ಸಲ ಓದಿದಾಗಲೂ ಸಿಕ್ಕಿತು. ಹೆಚ್ಚುಕಡಿಮೆ ಅರ್ಧ ದುಡಿಮೆ! ನೂರನಲವತ್ತು ವರ್ಷವಾದರೂ ಹೋಂವರ್ಕ್ ಕೊಡುವವರಿಗೆ ಇದು ಮುಟ್ಟಿಲ್ಲ.

2008ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಕಾರ್ಪಿಕೆ ಮತ್ತು ರೋಡಿಗರ್ ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಕಲಿಸಿದರು. ಒಮ್ಮೆ ಬಾಯಿಗೆ ಬಂದ ಪದವನ್ನೂ ಬಿಡದೆ ಮತ್ತೆ ಮತ್ತೆ ಪರೀಕ್ಷಿಸಿದವರಿಗೆ ವಾರದ ನಂತರ ಸುಮಾರು ಶೇ. 80ರಷ್ಟು ನೆನಪಿತ್ತು. ಅಂಥ ಪದವನ್ನು ಮತ್ತೆ ಕೇಳದೆ ಬರೀ ಓದಿಸಿದವರಿಗೆ ನೆನಪಿದ್ದದ್ದು ಮೂರನೇ ಒಂದರಷ್ಟು. ಆದರೆ ತಮಗೆಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರ ಅಂದಾಜೂ ಹೆಚ್ಚುಕಡಿಮೆ ಒಂದೇ. ಓದುವಾಗ ಸಲೀಸು ಅನಿಸಿದ್ದನ್ನು ನಾವು ಕಲಿತೆವೆಂದುಕೊಳ್ಳುತ್ತೇವೆ.

ಹಾಗಾಗಿ ಮಗಳು ಪದ ನೋಡಿ, ಪುಸ್ತಕ ಮುಚ್ಚಿ ಬರೆದು, ತೆರೆದು ತಾಳೆ ನೋಡಲಿ. ಒಮ್ಮೆ ಸಾಕು. ನಾಳೆ ಮತ್ತೊಮ್ಮೆ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಪದ ಕಲಿಸುವ ಮೊಬೈಲ್ ಆ್ಯಪ್‌ಗಳು ಕೃತಕ ಬುದ್ಧಿಮತ್ತೆ ಎಂದು ಮಾರುವುದರಲ್ಲಿ ಬಹುಪಾಲು ಇದೇ ಲೆಕ್ಕಾಚಾರ. ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಇದನ್ನು ಖಾನೆಗಳ ಒಂದು ಪೆಟ್ಟಿಗೆ ಮತ್ತು ಚೀಟಿಗಳಲ್ಲೇ ಮುಗಿಸಿದ್ದ: ಸರಿ ಹೇಳಿದ ಚೀಟಿ ಇನ್ನೂ ತಡವಾಗಿ ತೆರೆಯುವ ಮುಂದಿನ ಖಾನೆಗೆ, ತಪ್ಪಿದ್ದು ಮೊದಲನೆಯದಕ್ಕೆ.

ಉಳಿದದ್ದು ಇಂಗ್ಲಿಷಿನ ಮೂಕ ಅಕ್ಷರಗಳ ಕಾಟ. ಅದಕ್ಕೆ ನೆಂಟ ಪದ ಹುಡುಕಬೇಕು. ‘ಡೆಟ್’ನಲ್ಲಿ ಕೇಳಿಸದ ಬಿ ಅಕ್ಷರ ‘ಡೆಬಿಟ್ ಕಾರ್ಡ್’ನಲ್ಲಿ ಕೇಳುತ್ತದೆ, ‘ಸೈನ್’ನಲ್ಲಿ ಅಡಗಿದ ಜಿ ‘ಸಿಗ್ನಲ್’ನಲ್ಲಿ ಹೊರಬರುತ್ತದೆ. ನೆಂಟರಿಲ್ಲದ ಪದವನ್ನು ಬರೆದ ಹಾಗೇ ಮನಸ್ಸಿನಲ್ಲಿ ಓದಿಕೊಳ್ಳುವುದೂ ಒಳ್ಳೆಯ ಉಪಾಯ. ‘ವೆಡ್-ನೆಸ್-ಡೇ’ ಎಂದರೆ ನಗುವವರು ನಗಲಿ, ಡಿ ಅಕ್ಷರ ತಪ್ಪುವುದಿಲ್ಲ. ಜೋಡಿ ಅಕ್ಷರಗಳಿಗಂತೂ ಒತ್ತಕ್ಷರವಿರುವ ನಮಗೆ ಅನುಕೂಲ ಹೆಚ್ಚು. ‘ಅಕಾಮಡೇಷನ್’ನಲ್ಲಿ ಎಷ್ಟು ಸಿ, ಎಷ್ಟು ಎಂ ಎಂದು ಗೊಂದಲವಾದರೆ ‘ಅಕ್ಕಮ್ಮ’ನನ್ನು ನೆನೆಯಿರಿ: ಎರಡೂ ಜೋಡಿ ಅವಳ ಹೆಸರಿನಲ್ಲೇ ಇವೆ.