ಎಲ್ಲರ ಮಾತಾದರೆ ಮನೆಯ ಕೆಲಸ ನಿಲ್ಲದು



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದರು. ಆದರೆ ಮನೆ ಕಟ್ಟುವುದಕ್ಕೆ ಮೊದಲು ಕಾಲೂರಲು ನೆಲ ಬೇಕಷ್ಟೆ? ಜಿಗಣಿಯ ಸುತ್ತ ಕಾರ್ಖಾನೆಗಳು ಬಂದ ಮೇಲೆ ನೆಲದ ಬೆಲೆ ಕೂಲಿಗಾರನ ಕೈಗೆ ಎಟುಕದಷ್ಟು ಏರಿದೆ. ನಿಮ್ಮ ಹೊಲದಲ್ಲಿ ರಾಗಿ ಕೊಯ್ದವನಿಗೆ ನಿವೇಶನವಿಲ್ಲ. ಜಮೀನು ಪಾಲಾಗುತ್ತಾ ಹೋದರೆ ನಾಳೆ ನಿಮ್ಮ ಮೊಮ್ಮಗನಿಗೂ ಇದೇ ಗತಿ ಬಂದೀತು.

ಇದಕ್ಕೆ ಸರ್ಕಾರದ ಕಾಯಿದೆ ಬೇಕು. ಆದರೆ ಕಾಯಿದೆ ಒಂದೇ ಪಕ್ಷದ್ದಾದರೆ ಸರ್ಕಾರ ಬದಲಾದಾಗ ಕೆಲಸ ನಿಂತುಹೋಗುವ ಭಯವುಂಟು. ಎಲ್ಲ ಪಕ್ಷಗಳೂ ತಮ್ಮದೆನ್ನುವ ಕೆಲಸ ಮುಂದುವರಿಯುತ್ತದೆ. ನಮ್ಮ ರಾಜ್ಯದಲ್ಲೇ ನಡೆದ ಒಂದು ಸಂಗತಿಯನ್ನು ನೋಡಿರಿ.

ದಾಖಲೆಗೆ ಸೇರದ ಊರುಗಳು

ಲಂಬಾಣಿ ತಾಂಡ, ಗೊಲ್ಲರಹಟ್ಟಿ, ಕುರುಬರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ ಮೊದಲಾದ ಎಷ್ಟೋ ನೆಲೆಗಳು ಕಂದಾಯ ದಾಖಲೆಯಲ್ಲಿ ಊರೆಂದು ಸೇರಿರಲಿಲ್ಲ. ಜನರು ತಲೆಮಾರುಗಳಿಂದ ವಾಸವಿದ್ದರೂ ಮನೆಯಡಿಯ ನೆಲ ಅವರ ಹೆಸರಿನಲ್ಲಿರಲಿಲ್ಲ. 1974ರಲ್ಲಿ ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು; ಕೃಷಿ ಕಾರ್ಮಿಕನ ವಾಸದ ಮನೆಗೂ 38ನೆಯ ಕಲಮಿನಲ್ಲಿ ರಕ್ಷಣೆ ಇಟ್ಟಿತು. ಆದರೂ ಇಂಥ ನೆಲೆಗಳ ತೊಡಕು ಬಗೆಹರಿಯಲಿಲ್ಲ.

ಸಿದ್ದರಾಮಯ್ಯನವರು ಮುಖ್ಯಮಂತ್ರಿಗಳಾಗಿದ್ದಾಗ, 2016ರ ತಿದ್ದುಪಡಿಯಿಂದ 38ಎ ಕಲಮು ಸೇರಿತು. ವಾಸವಿದ್ದವನೇ ಮನೆಯ ಒಡೆಯನೆಂದು ದಾಖಲಾಗಲು ದಾರಿಯಾಯಿತು. ಆಗಿನ ಕಂದಾಯ ಮಂತ್ರಿ ಕಾಗೋಡು ತಿಮ್ಮಪ್ಪನವರು. 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದ ಕಾಗೋಡಿನವರೇ. ಮುಂದೆ ಸರ್ಕಾರ ಬದಲಾಯಿತು, ಕೆಲಸ ನಿಲ್ಲಲಿಲ್ಲ. ಭಾರತೀಯ ಜನತಾ ಪಕ್ಷದ ಆಡಳಿತದಲ್ಲಿ, 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಮಂತ್ರಿಗಳು 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ನೆರವೇರಿಸಿದರು. ಮತ್ತೆ ಕಾಂಗ್ರೆಸ್ ಸರ್ಕಾರ ಬಂದು, 2025ರ ಮೇ 20ರಂದು ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರಗಳನ್ನು ಹಂಚಿತು. ಕೀರ್ತಿ ಯಾರದೆಂದು ಪಕ್ಷಗಳು ವಾದಿಸಿದವು. ಪತ್ರ ಮಾತ್ರ ಜನರ ಕೈ ಸೇರಿತು.

ಇದು ಹೇಗಾಯಿತು? ಈ ನೆಲೆಗಳು ಅನೇಕ ಜಿಲ್ಲೆಗಳಲ್ಲಿದ್ದವು; ಅಲ್ಲಿ ಹಲವು ಜಾತಿಯ ಜನರಿದ್ದರು. ಆದ್ದರಿಂದ ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಯಾವ ಪಕ್ಷವೂ ಕೈತೊಳೆದುಕೊಳ್ಳುವಂತಿರಲಿಲ್ಲ. ಬೇಡಿಕೆಯೂ ಸ್ಪಷ್ಟವಾಗಿತ್ತು: ಇದ್ದ ಮನೆಗೆ ಹಕ್ಕು.

ನಾವು ಮಾಡಬೇಕಾದುದು

ಮೊದಲು ಊರೊಳಗಿನ ಭಿನ್ನಾಭಿಪ್ರಾಯ ತೀರಬೇಕು. ನಿವೇಶನವೆಂದೊಡನೆ ಗೋಮಾಳ ಹೋದೀತೆಂದು ದನಕರು ಸಾಕುವವರು ಹೆದರುವುದು ಸಹಜ. ನೂರು ಜಾನುವಾರುಗಳಿಗೆ 12 ಹೆಕ್ಟೇರು ಗೋಮಾಳ ಇರಬೇಕೆಂದು ಕಂದಾಯ ನಿಯಮವೇ ಹೇಳುತ್ತದೆ. ಊರಿನ ದನಗಳನ್ನು ಎಣಿಸಿ, ಸರ್ಕಾರಿ ಜಮೀನನ್ನು ಅಳೆಯಿಸಿ, ಲೆಕ್ಕವನ್ನು ಸಭೆಯ ಮುಂದಿಡಿರಿ. ಲೆಕ್ಕ ಕಂಡಾಗ ಅರ್ಧ ಜಗಳ ಅಡಗುತ್ತದೆ.

ಎರಡನೆಯದಾಗಿ, ಗ್ರಾಮಸಭೆಗೆ ತಪ್ಪದೆ ಬನ್ನಿರಿ. ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆ ನಡೆಯುವುದು ಅಲ್ಲಿಯೇ. ಮನೆಯಿಲ್ಲದವರ ಪಟ್ಟಿಯನ್ನು ಎಲ್ಲರ ಎದುರಿಗೆ ಓದಿಸಿರಿ. ಹೆಂಗಸರೂ ಕೂಲಿಗಾರರೂ ಮಾತನಾಡಲಿ. ಜಮೀನುಳ್ಳ ರೈತರು ಅದನ್ನು ಅನುಮೋದಿಸಲಿ. ಜಿಗಣಿ ಪಟ್ಟಣದವರು ತಮ್ಮ ಪುರಸಭೆಯ ಸದಸ್ಯರ ಮೂಲಕ ಇದೇ ಕೆಲಸ ಮಾಡಬಹುದು.

ಮೂರನೆಯದಾಗಿ, ನಿರ್ಣಯದ ಪ್ರತಿಯನ್ನು ಒಬ್ಬ ಮುಖಂಡರಿಗೆ ಮಾತ್ರ ಕೊಡಬೇಡಿರಿ. ಶಾಸಕರಿಗೆ ಕೊಟ್ಟಂತೆ ಅವರ ಎದುರು ನಿಂತು ಸೋತವರಿಗೂ ಕೊಡಿರಿ. ಮತ ಕೇಳಲು ಬಂದ ಪ್ರತಿಯೊಬ್ಬರಿಗೂ ಅದೇ ಒಂದು ಪ್ರಶ್ನೆ ಕೇಳಿರಿ.

ಗ್ರಾಮ ಪಂಚಾಯಿತಿಯ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದು ನಮಗೊಂದು ಅನುಕೂಲ. ಅಲ್ಲಿ ಹುಟ್ಟಿದ ಬೇಡಿಕೆಗೆ ಪಕ್ಷದ ಬಣ್ಣ ಇರಬೇಕಾಗಿಲ್ಲ. ಮುಂದಿನ ಗ್ರಾಮಸಭೆಗೆ ಬರುವಾಗ ನಿಮ್ಮ ಹೊಲದ ಕೂಲಿಗಾರನನ್ನೂ ಜೊತೆಗೆ ಕರೆತನ್ನಿರಿ. ಅವನ ಹೆಸರು ಪಟ್ಟಿಯಲ್ಲಿದೆಯೇ ಎಂದು ನೀವೇ ಎದ್ದು ಕೇಳಿರಿ.