ಕೋಳಿಗೆ ಕೊಟ್ಟ ಔಷಧ, ನಮಗೆ ನಾಟದ ಔಷಧ

ಎರೆಹೊಲದಲ್ಲಿ ಎಡೆ ಹೊಡೆದವರಿಗೆ ಕರಿಕೆಯ ಹಟ ಗೊತ್ತು. ಕುಂಟೆಗೆ ಸಿಕ್ಕ ಮೆದು ಕಳೆ ಅಲ್ಲೇ ಒಣಗುತ್ತದೆ. ಕರಿಕೆ ಮಾತ್ರ ತುಂಡಾದಲ್ಲೆಲ್ಲ ಚಿಗುರಿ, ಖಾಲಿಯಾದ ಜಾಗವನ್ನೂ ಹಿಡಿಯುತ್ತದೆ. ನರೇಗಲ್ ಸುತ್ತಿನ ರೈತರಿಗೆ ಹೊಸದಲ್ಲದ ಈ ಸಂಗತಿಯೇ ಕೋಳಿ ಶೆಡ್ಡಿನಲ್ಲಿ ಕಣ್ಣಿಗೆ ಕಾಣದಂತೆ ನಡೆಯುತ್ತದೆ.

ಶೆಡ್ಡಿನಲ್ಲಿ ಆಗುವುದೇನು?

ಫಾರಂ ಕೋಳಿ 35ರಿಂದ 42 ದಿನಕ್ಕೆ ಮಾರಾಟಕ್ಕೆ ಬರುತ್ತದೆ. ಒಂದೇ ಸೂರಿನಡಿ ಸಾವಿರಾರು ಮರಿ. ನಾಲ್ಕು ಕೋಳಿ ತೂಕಡಿಸಿದರೆ ಸಾಕು, ಸಾಕಿದವರಿಗೆ ಸಾಲದ ಕಂತು ಕಣ್ಣಮುಂದೆ ಬರುತ್ತದೆ. ಆಂಟಿಬಯೋಟಿಕ್ ಪುಡಿಯ ಪಾಕೀಟು ಒಡೆದು ನೀರಿನ ಟಾಕಿಗೆ ಸುರಿದು, ಕೋಲಿನಿಂದ ತಿರುವುತ್ತಾರೆ. ಕಾಯಿಲೆ ಬಿದ್ದ ಕೋಳಿ ನೀರನ್ನೇ ಸರಿಯಾಗಿ ಕುಡಿಯುವುದಿಲ್ಲ. ಗಟ್ಟಿಮುಟ್ಟಾದವು ಹೊಟ್ಟೆತುಂಬ ಕುಡಿಯುತ್ತವೆ. ಔಷಧ ಬೇಕಾದದ್ದಕ್ಕೆ ಕಡಿಮೆ, ಬೇಡವಾದದ್ದಕ್ಕೆ ಹೆಚ್ಚು.

ಕೋಳಿಯ ಕರುಳಿನಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ. ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಔಷಧವನ್ನು ತುಂಡರಿಸುವ ಕಿಣ್ವ ಇರುತ್ತದೆ. ಕೆಲವು ಒಳಬಂದ ಔಷಧವನ್ನು ಪಂಪಿನಂತೆ ಹೊರಗೆ ದಬ್ಬುತ್ತವೆ. ಉಳಿದವು ಸತ್ತಾಗ ಈ ಕರಿಕೆಯಂಥವೇ ಕರುಳನ್ನೆಲ್ಲ ಆಳುತ್ತವೆ. ಔಷಧವನ್ನು ತಾಳಿಕೊಳ್ಳುವ ಜೀನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿದ್ದರೆ, ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಬಲ್ಲದು.

ನಮ್ಮ ಮೈಗೆ ಬರುವ ದಾರಿ

ಶೆಡ್ಡಿನಲ್ಲಿ ದುಡಿಯುವವರ ಕೈ, ಕಾಲು, ಬಟ್ಟೆ ಒಂದು ದಾರಿ. ಅಂಗಡಿಯ ಹಸಿ ಮಾಂಸ ಎರಡನೆಯದು. ಮೂರನೆಯದು ಗೊಬ್ಬರ: ಹಿಕ್ಕೆ ಬೆರೆತ ಹೊಟ್ಟನ್ನು ಕಳಿಯಲು ಬಿಡದೆ ಹೊಲಕ್ಕೆ ಹಾಕಿದರೆ, ಅದರೊಂದಿಗೆ ಬ್ಯಾಕ್ಟೀರಿಯಾವೂ ಉಳ್ಳಾಗಡ್ಡಿಯ ಮಡಿಗೆ ಇಳಿಯುತ್ತವೆ.

ಕೋಳಿಯ ಔಷಧ ಬೇರೆ, ನಮ್ಮ ಔಷಧ ಬೇರೆ ಎಂದು ಸಮಾಧಾನಪಡುವಂತಿಲ್ಲ. ಕೋಳಿಗೆ ಕೊಡುವ ಎನ್ರೋಫ್ಲಾಕ್ಸಾಸಿನ್ ಅದರ ದೇಹದೊಳಗೆ ಒಂದಷ್ಟು ಸಿಪ್ರೋಫ್ಲಾಕ್ಸಾಸಿನ್ ಆಗುತ್ತದೆ. ನಮ್ಮ ಮಾತ್ರೆಯ ಚೀಟಿಯಲ್ಲಿರುವುದೂ ಅದೇ. ಅಮೆರಿಕ 2005ರಲ್ಲಿ ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್ ಕೊಡುವುದನ್ನು ನಿಲ್ಲಿಸಿತು. ಬೇರೆ ಔಷಧ ಸೋತಾಗ ಐಸಿಯುನಲ್ಲಿ ಕೊನೆಯ ಆಸರೆಯಾಗುವ ಕೊಲಿಸ್ಟಿನ್ ಕೂಡ ಕೋಳಿಯ ಆಹಾರಕ್ಕೆ ಸೇರುತ್ತಿತ್ತು. ಅದನ್ನು ತಾಳಿಕೊಳ್ಳುವ, ಪ್ಲಾಸ್ಮಿಡ್ಡಿನಲ್ಲಿ ದಾಟುವ ಜೀನು ಚೀನಾದಲ್ಲಿ ಪತ್ತೆಯಾದದ್ದು 2015ರಲ್ಲಿ ಬೆಳಕಿಗೆ ಬಂತು. ಭಾರತ ಸರ್ಕಾರ ಜುಲೈ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ಅದೇ ವರ್ಷ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರ ಸಾವಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನೇರ ಕಾರಣ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಮನುಷ್ಯರಲ್ಲಿ ಔಷಧದ ಅತಿಬಳಕೆಯ ಪಾಲೂ ಇದರಲ್ಲಿ ದೊಡ್ಡದು.

ಸಾಕುವವರು ಮಾಡಬೇಕಾದ್ದು

ಮೊದಲು ಲಸಿಕೆ. ಫಾರಂ ಕೋಳಿಯನ್ನೂ ಜವಾರಿ ಕೋಳಿಯನ್ನೂ ಬಿಡದ ರಾಣಿಖೇತ್, ಅಂದರೆ ಕೊಕ್ಕರೆ ರೋಗ, ವೈರಸ್ಸಿನಿಂದ ಬರುತ್ತದೆ. ಆಂಟಿಬಯೋಟಿಕ್ ವೈರಸ್ಸನ್ನು ಕೊಲ್ಲದು. ಮರಿಗೆ 5ರಿಂದ 7ನೇ ದಿನ ಕಣ್ಣಿಗೋ ಮೂಗಿಗೋ ಬಿಡುವ ಲಸಿಕೆಯ ಒಂದು ಹನಿ ಮಾಡುವ ಕೆಲಸವನ್ನು ಪುಡಿಯ ನೂರು ಪಾಕೀಟು ಮಾಡಲಾರವು.

ನೆಲಕ್ಕೆ ಹಾಸಿದ ಹೊಟ್ಟನ್ನು ಹಿಡಿಯಲ್ಲಿ ಹಿಚುಕಿ ನೋಡಿ. ಉಂಡೆಯಾಗಿ ಉಳಿದರೆ ಒದ್ದೆ ಹೆಚ್ಚಾಗಿದೆ ಎಂದರ್ಥ. ಕೆದರಿ ಒಣಗಿಸಿ, ಗಾಳಿ ಆಡಲು ಬಿಡಿ. ಕೋಳಿ ಮಂಕಾದರೆ ಪಶುವೈದ್ಯರನ್ನು ಕೇಳಿ. ಪಶು ಸಂಜೀವಿನಿಯ ಸಹಾಯವಾಣಿ 1962. ಔಷಧ ಕೊಟ್ಟರೆ ಹೆಸರು, ತಾರೀಖು ಬರೆದಿಡಿ. ವೈದ್ಯರು ಹೇಳಿದಷ್ಟು ದಿನ ಕಳೆಯುವವರೆಗೆ ಮಾರಬೇಡಿ. ಹಿಕ್ಕೆಯ ಗೊಬ್ಬರವನ್ನು ಗುಂಡಿಯಲ್ಲಿ ಚೆನ್ನಾಗಿ ಕಳಿಯಲು ಬಿಡಿ. ಆ ಕಾವಿಗೆ ಬಹಳಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ.

ಅಡುಗೆಮನೆಯಲ್ಲಿ

ಹಸಿ ಕೋಳಿಯನ್ನು ನಲ್ಲಿಯಡಿ ತೊಳೆದರೆ ಸಿಡಿದ ಹನಿಗಳೊಂದಿಗೆ ಬ್ಯಾಕ್ಟೀರಿಯಾ ಪಕ್ಕದ ಕೊತ್ತಂಬರಿ, ಪಾತ್ರೆಗಳ ಮೇಲೆ ಕೂರುತ್ತವೆ. ಮಾಂಸಕ್ಕೆ ಬೇರೆ ಹಲಗೆ, ಬೇರೆ ಚಾಕು ಇರಲಿ. ಕೈಗೆ ಸಾಬೂನು ಹಚ್ಚಿ. ಎಲುಬಿನ ಬಳಿ ಕೆಂಪು ಉಳಿಯದಂತೆ ಬೇಯಿಸಿ. ಚೆನ್ನಾಗಿ ಬೆಂದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಮಾಂಸದಲ್ಲಿ ಉಳಿದ ಔಷಧದ ಅಂಶ ಮಾತ್ರ ಬೆಂಕಿಗೆ ಪೂರ್ತಿ ಹೋಗದು. ಆ ಜವಾಬ್ದಾರಿ ಶೆಡ್ಡಿನದೇ.

ಇನ್ನೊಮ್ಮೆ ಟಾಕಿಯ ಮುಂದೆ ಪಾಕೀಟು ಹಿಡಿದು ನಿಂತಾಗ, ಅದರ ಮೇಲಿನ ಹೆಸರನ್ನು ಓದಿ. ನಾಳೆ ನಮ್ಮ ಮನೆಯ ಕೂಸಿಗೆ ಜ್ವರ ಏರಿದಾಗ ವೈದ್ಯರು ಬರೆಯುವ ಹೆಸರೂ ಅದೇ ಇರಬಹುದು.