ಮುಕ್ತ ಸರ್ಕಾರಿ ದತ್ತಾಂಶದ ಅಳತೆ

ಮುಕ್ತ ಸರ್ಕಾರಿ ದತ್ತಾಂಶದ ಅಳತೆ ಎಂಬುದು, ಸರ್ಕಾರಗಳು ತಮ್ಮಲ್ಲಿರುವ ಸಾರ್ವಜನಿಕ ಅಂಕಿ-ಅಂಶ ಮತ್ತು ದಾಖಲೆಗಳನ್ನು ಎಷ್ಟರಮಟ್ಟಿಗೆ ಜನರ ಬಳಕೆಗೆ ತೆರೆದಿಟ್ಟಿವೆ ಎಂಬುದನ್ನು ನಿಗದಿತ ಪ್ರಶ್ನೆಗಳ ಮೂಲಕ ತಿಳಿಯುವ ಕ್ರಮವಾಗಿದೆ. ಮಾಹಿತಿಯನ್ನು ಪ್ರಕಟಿಸುವುದು ಮತ್ತು ಅದನ್ನು ಮುಕ್ತಗೊಳಿಸುವುದು ಒಂದೇ ಅಲ್ಲ ಎಂಬುದು ಈ ಅಳತೆಯ ಮೂಲ ತತ್ತ್ವ.

ಮಾನದಂಡಗಳು

2007ರ ಡಿಸೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಸೆಬಾಸ್ಟೊಪೋಲ್‌ನಲ್ಲಿ ಸೇರಿದ ಆಸಕ್ತರು ಎಂಟು ತತ್ತ್ವಗಳನ್ನು ರೂಪಿಸಿದರು. ದತ್ತಾಂಶವು ಪೂರ್ಣವೂ ಮೂಲರೂಪದ್ದೂ ಸಕಾಲಿಕವೂ ಆಗಿರಬೇಕು. ಎಲ್ಲರಿಗೂ ಭೇದವಿಲ್ಲದೆ ದೊರೆಯಬೇಕು. ಗಣಕಯಂತ್ರವು ಓದಬಲ್ಲ ರೂಪದಲ್ಲಿರಬೇಕು. ಮರುಬಳಕೆಗೆ ನಿರ್ಬಂಧವಿರಬಾರದು ಎಂಬುದು ಅವುಗಳ ಸಾರ. ವರ್ಲ್ಡ್ ವೈಡ್ ವೆಬ್ ಫೌಂಡೇಶನ್ 2013ರಲ್ಲಿ ಆರಂಭಿಸಿದ 'ಓಪನ್ ಡೇಟಾ ಬ್ಯಾರೋಮೀಟರ್' ಸಮೀಕ್ಷೆಯು ಸರ್ಕಾರದ ಸಿದ್ಧತೆ, ಅನುಷ್ಠಾನ ಮತ್ತು ಪರಿಣಾಮಗಳಿಗೆ ಅಂಕಗಳನ್ನು ನೀಡಿತು. ಭಾರತವನ್ನು ಅಳೆದ ಪ್ರಶ್ನೆಗಳಿಂದಲೇ ಜೋರ್ಡಾನ್, ಟುನೀಷಿಯ ಮೊದಲಾದ ಅರಬ್ ರಾಷ್ಟ್ರಗಳನ್ನೂ ಅಳೆಯಲಾಯಿತು. ಜೋರ್ಡಾನ್ 2007ರಲ್ಲಿಯೇ ಮಾಹಿತಿ ಪಡೆಯುವ ಹಕ್ಕಿನ ಕಾನೂನು ತಂದಿತ್ತು. ಆದರೆ ಇಂತಹ ಸಮೀಕ್ಷೆಗಳಲ್ಲಿ ಕಾನೂನಿನ ಅಸ್ತಿತ್ವಕ್ಕಷ್ಟೇ ಪೂರ್ಣ ಅಂಕ ದೊರೆಯುವುದಿಲ್ಲ.

ಭಾರತ ಮತ್ತು ಕರ್ನಾಟಕ

ಕರ್ನಾಟಕವು 2000ದಲ್ಲಿಯೇ ತನ್ನದೇ ಆದ ಮಾಹಿತಿ ಹಕ್ಕು ಕಾಯ್ದೆಯನ್ನು ರೂಪಿಸಿತ್ತು. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆಯು 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ಇದರ 4(1)(ಬಿ) ಕಲಮು, ಯಾರೂ ಅರ್ಜಿ ಹಾಕದಿದ್ದರೂ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ತಾನಾಗಿಯೇ ಪ್ರಕಟಿಸಬೇಕಾದ 17 ವಿಷಯಗಳನ್ನು ಹೇಳುತ್ತದೆ. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯು ಗಣಕಯಂತ್ರ ಓದಬಲ್ಲ ರೂಪಕ್ಕೆ ಒತ್ತು ನೀಡಿತು. ಕರ್ನಾಟಕ ಸರ್ಕಾರವು 2021ರಲ್ಲಿ 'ಮಾಹಿತಿ ಕಣಜ' ಜಾಲತಾಣವನ್ನು ಆರಂಭಿಸಿ, ಹಲವು ಇಲಾಖೆಗಳ ಮಾಹಿತಿಯನ್ನು ಒಂದೆಡೆ ಒದಗಿಸಿತು.

ಮಂಡ್ಯ ಜಿಲ್ಲೆಯ ನಿದರ್ಶನ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಸೇರಿವೆ. ಇಲ್ಲಿನ ರೈತನು ನಿತ್ಯ ಬಳಸುವ ಎರಡು ಬಗೆಯ ಮಾಹಿತಿಗೆ ಮೇಲಿನ ಮಾನದಂಡಗಳನ್ನು ಅನ್ವಯಿಸಿ ನೋಡಬಹುದು.

ಮೊದಲನೆಯದು ಪಹಣಿ. ಹಿಂದೆ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರು ಇದನ್ನು ಕೈಬರಹದಲ್ಲಿ ಇಟ್ಟುಕೊಳ್ಳುತ್ತಿದ್ದರು. ರೈತನು ಪ್ರತಿಗಾಗಿ ಅವರನ್ನೇ ಅವಲಂಬಿಸಬೇಕಾಗಿತ್ತು. 'ಭೂಮಿ' ಯೋಜನೆಯಡಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡು, ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿ ಶುಲ್ಕಕ್ಕೆ ದೊರೆಯಲಾರಂಭಿಸಿದವು. ಇಂದು ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರು ಆರಿಸಿ ಪಹಣಿಯನ್ನು ಅಂತರಜಾಲದಲ್ಲಿಯೂ ನೋಡಬಹುದು. ಲಭ್ಯತೆಯಲ್ಲಿ ಇದು ದೊಡ್ಡ ಮುನ್ನಡೆ. ಆದರೆ ಒಂದೊಂದೇ ಸರ್ವೆ ನಂಬರನ್ನು ಹುಡುಕಬೇಕಾದುದರಿಂದ, ಒಂದು ಗ್ರಾಮದ ಬೆಳೆ ಅಥವಾ ಹಿಡುವಳಿಯ ಒಟ್ಟು ಚಿತ್ರ ಇದರಿಂದ ಸುಲಭವಾಗಿ ಸಿಗುವುದಿಲ್ಲ.

ಎರಡನೆಯದು ಜಲಾಶಯದ ಮಟ್ಟ. ಶ್ರೀರಂಗಪಟ್ಟಣ ತಾಲ್ಲೂಕಿನ ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ನೀರಿನ ಮಟ್ಟ, ಒಳಹರಿವು ಮತ್ತು ಹೊರಹರಿವುಗಳು ಪ್ರತಿದಿನ ಪ್ರಕಟವಾಗುತ್ತವೆ. ಭತ್ತದ ಒಟ್ಲು ಹಾಕಬೇಕೇ, ಅರೆ ಖುಷ್ಕಿ ಬೆಳೆ ಸಾಕೇ ಎಂಬ ತೀರ್ಮಾನಕ್ಕೆ ವಿಶ್ವೇಶ್ವರಯ್ಯ ನಾಲೆಯ ರೈತರು ಈ ಅಂಕಿಗಳನ್ನು ನೋಡುತ್ತಾರೆ. ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಹೇಮಾವತಿ ನಾಲೆಯ ಭಾಗದಲ್ಲಿ ಗೊರೂರು ಜಲಾಶಯದ ಅಂಕಿಗಳೂ ಅಷ್ಟೇ ಮುಖ್ಯ. ಸಕಾಲಿಕತೆಯಲ್ಲಿ ಈ ಮಾಹಿತಿ ಉತ್ತಮವಾದುದು. ಆದರೂ ಜಲಾಶಯದ ಮಟ್ಟವೊಂದೇ ನಾಲೆಯ ಕೊನೆಯ ಭಾಗಕ್ಕೆ ನೀರು ಎಂದು ತಲುಪುತ್ತದೆಂಬುದನ್ನು ಹೇಳಲಾರದು.

ಭಾಷೆ ಮತ್ತು ಲಿಪಿ

ಕನ್ನಡದ ದಾಖಲೆಗಳಿಗೆ ವಿಶೇಷ ತೊಡಕೊಂದಿದೆ. ಸ್ಕ್ಯಾನ್ ಮಾಡಿದ ಚಿತ್ರಗಳಲ್ಲಿ ಅಥವಾ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿರುವ ಕಡತಗಳನ್ನು ಕಣ್ಣಿನಿಂದ ಓದಬಹುದಾದರೂ ಅವುಗಳಲ್ಲಿ ಪದ ಹುಡುಕಲು ಸಾಧ್ಯವಾಗುವುದಿಲ್ಲ. ಮಾನದಂಡದ ಪ್ರಕಾರ ಇಂತಹ ಕಡತವು ಪ್ರಕಟವಾಗಿದೆ, ಮುಕ್ತವಾಗಿಲ್ಲ.

ಮಿತಿಗಳು

ರಾಷ್ಟ್ರಮಟ್ಟದ ಅಂಕವು ತಾಲ್ಲೂಕು ಕಚೇರಿಯ ಸ್ಥಿತಿಯನ್ನು ತೋರಿಸದು. ವೈಯಕ್ತಿಕ ಗೋಪ್ಯತೆಯೂ ಮುಕ್ತತೆಗೆ ಎಲ್ಲೆ ಹಾಕುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿದ್ದು, ಇದರಿಂದ ಫಲಾನುಭವಿಗಳ ಪಟ್ಟಿಯಂತಹ ಮಾಹಿತಿಯೂ ಮರೆಯಾಗಬಹುದೆಂದು ಮಾಹಿತಿ ಹಕ್ಕು ಕಾರ್ಯಕರ್ತರು ಆಕ್ಷೇಪಿಸಿದ್ದಾರೆ.